ನೆವಾಡಾದಲ್ಲಿ ಕತ್ತಲೆಗೆ ಜಾಗ ಹುಡುಕಿದ್ದು

ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತು ಬೇಸತ್ತು ಟೆಲಿಸ್ಕೋಪ್ ಕೊಂಡವರು ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಲ್ಲಿ ಬಹಳ ಮಂದಿ. ಕೊಂಡ ಮೇಲೆ ಅವರಿಗೆ ಗೊತ್ತಾದದ್ದು, ವಾಷಿಂಗ್ಟನ್ ಸುತ್ತಮುತ್ತ ನೋಡುವುದಕ್ಕೆ ಆಕಾಶವೇ ಇಲ್ಲ ಎಂಬುದು. ಆ ನಗರದ ಹೊರವಲಯದ ಶ್ಯಾಂಟಿಲಿಯ ನನ್ನ ಬಾಲ್ಕನಿಯಿಂದ ಕಾಣುತ್ತಿದ್ದುದು ಡೇಟಾ ಸೆಂಟರುಗಳ ದೀಪ ಮತ್ತು ಇಳಿಯುವ ವಿಮಾನಗಳು. ನಾನು ಕೆಲಸಕ್ಕಿದ್ದ ಸಣ್ಣ ಕಂಪನಿ ಇಂಥವರನ್ನು ಗುಂಪು ಕಟ್ಟಿ ಪಶ್ಚಿಮದ ಮರುಭೂಮಿಗೆ ಕರೆದೊಯ್ಯುತ್ತಿತ್ತು. ಅವರಿಗಿಂತ ಮೊದಲು ಹೋಗಿ ಜಾಗ ಗೊತ್ತು ಮಾಡಿ ಬರುವುದು ನನ್ನ ಕೆಲಸ.

ಆ ವರ್ಷ ವಾಷಿಂಗ್ಟನ್, ಅಟ್ಲಾಂಟಾ ಮತ್ತು ಶಾರ್ಲಟ್‌ನ ಹವ್ಯಾಸಿಗಳು ಸೇರಿ ಶರತ್ಕಾಲದ ಅಮಾವಾಸ್ಯೆಗೆ ಒಂದು ವಾರದ ಶಿಬಿರ ಬೇಕೆಂದರು. ಹಿಂದೆ ಯಾವುದೋ ಕಂಪನಿ ಅವರನ್ನು ರಾತ್ರಿಯೆಲ್ಲ ಬೆಂಕಿ ಉರಿಯುವ ಗ್ಯಾಸ್ ಬಾವಿಯ ಪಕ್ಕದಲ್ಲಿ ಇಳಿಸಿ ಮೋಸ ಮಾಡಿತ್ತಂತೆ. ಹಾಗಾಗಿ ಈ ಸಲ ತಮ್ಮ ಕಡೆಯವರೊಬ್ಬರು ನನ್ನ ಜೊತೆ ಬಂದು ಜಾಗ ನೋಡಬೇಕೆಂದು ಷರತ್ತು ಹಾಕಿದರು. ಬಂದವರು ಅಟ್ಲಾಂಟಾದ ಒಬ್ಬ ನಿವೃತ್ತ ಡಾಕ್ಟರು. ಬಾಗಲಕೋಟೆ ಕಡೆಯವರು, ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಆಯುಷ್ಯ ಕಳೆದವರು. ನಾನು ಅಂಕಲ್ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಕೆಲಸ ಶುರುವಾಗುವುದು ಮನೆಯ ಕಂಪ್ಯೂಟರಿನಲ್ಲಿ. ರಾತ್ರಿ ಭೂಮಿಯ ಬೆಳಕನ್ನು ತೋರಿಸುವ ಉಪಗ್ರಹದ ನಕ್ಷೆ ತೆಗೆದು ಕಪ್ಪಾಗಿರುವ ಕಡೆ ಗುರುತು ಹಾಕುವುದು. ಅದರ ಮೇಲೆ ರಸ್ತೆಯ ನಕ್ಷೆ, ಸರಕಾರಿ ಜಮೀನು ಮತ್ತು ಖಾಸಗಿ ಜಮೀನಿನ ನಕ್ಷೆ, ಹಳ್ಳಕೊಳ್ಳಗಳ ನಕ್ಷೆ. ಹಾಗೆ ಜರಡಿ ಹಿಡಿದರೆ ಕೊನೆಗೆ ಎರಡೋ ಮೂರೋ ಚುಕ್ಕಿ ಉಳಿಯುತ್ತವೆ. ಅಲ್ಲಿಗೆ ಹೋಗಿ ಕಾಲಲ್ಲಿ ತುಳಿದು ನೋಡಬೇಕು. ನೆಲ ಗಟ್ಟಿಯಿದೆಯೇ, ದಕ್ಷಿಣದ ದಿಗಂತಕ್ಕೆ ಯಾವ ಗುಡ್ಡ ಅಡ್ಡ ಇದೆ, ಗಾಳಿ ಯಾವ ಕಡೆಯಿಂದ, ಟ್ರೇಲರ್ ತಿರುಗಿಸಲು ಜಾಗ ಇದೆಯೇ. ಕತ್ತಲಾದ ಮೇಲೆ ಅಂಗೈಯಗಲದ ಒಂದು ಮೀಟರನ್ನು ನೆತ್ತಿಗೆ ಹಿಡಿದರೆ ಆಕಾಶ ಎಷ್ಟು ಕಪ್ಪು ಎಂದು ಅಂಕಿ ಹೇಳುತ್ತದೆ. ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬುದನ್ನೂ ಬರೆಯುತ್ತಿದ್ದೆವು, ಆದರೆ ಅದನ್ನು ಯಾರೂ ಓದುತ್ತಿರಲಿಲ್ಲ.

ನಮ್ಮ ಮೊದಲ ಜಾಗ ನೆವಾಡಾದ ಒಂದು ಒಣಕೆರೆ. ಮೈಲಿಗಟ್ಟಲೆ ಚಪ್ಪಟೆ, ಬಿಳಿಯ ಬಿರುಕು ನೆಲ, ಒಂದು ಪೊದೆಯೂ ಇಲ್ಲ. ಅಂಕಲ್ ಜೀಪಿನಿಂದ ಇಳಿದವರೇ ಕೈ ಚಾಚಿ ಸುತ್ತ ತಿರುಗಿದರು. "ತಂಗಿ, ನಾಲ್ಕೂ ದಿಕ್ಕಿಗೆ ಏನೂ ಅಡ್ಡ ಇಲ್ಲ ನೋಡು. ಇದ ಮುಗೀತು, ಇಲ್ಲೇ ಹೂಡೂಣು."

ನಾವು ಡೇರೆ ಹಾಕಿ ಉಪಕರಣ ಇಳಿಸುವಷ್ಟರಲ್ಲಿ ಪಶ್ಚಿಮದಲ್ಲಿ ಒಂದು ಕಂದು ಗೋಡೆ ಎದ್ದಿತು. ಮೊದಲು ನಾನದನ್ನು ಬೆಟ್ಟ ಎಂದುಕೊಂಡೆ. ಬೆಟ್ಟ ನಡೆದು ಬರುವುದಿಲ್ಲ ಎಂದು ಹೊಳೆಯುವ ಹೊತ್ತಿಗೆ ಅದು ನಮ್ಮ ಮೇಲಿತ್ತು. ಡೇರೆ ಕಿತ್ತು ಹಾರಿತು. ಅದರ ಕಬ್ಬಿಣದ ಗೂಟ ಜೀಪಿನ ಕಿಟಕಿಗೆ ಬಡಿದು ಗಾಜು ಪುಡಿಯಾಯಿತು. ಒಳಗೆ ಬಗ್ಗಿ ಕೂತ ನಮ್ಮ ಮೇಲೆ ಉಪ್ಪು ಮಿಶ್ರಿತ ಧೂಳು ಮೊರದಲ್ಲಿ ಎರಚಿದಂತೆ ಬೀಳುತ್ತಿತ್ತು. ಉಸಿರಾಡಿದರೆ ಎದೆ ಉರಿಯುತ್ತಿತ್ತು. ಅಂಕಲ್ ತಮ್ಮ ಟವೆಲನ್ನು ಕುಡಿಯುವ ನೀರಿನಲ್ಲಿ ಅದ್ದಿ ನನ್ನ ಮುಖಕ್ಕೆ ಒತ್ತಿದರು. ಗಾಳಿ ಇಳಿದಾಗ ಟ್ರೈಪಾಡ್ ಮುರಿದು ಬಿದ್ದಿತ್ತು, ಅವರ ಹಣೆ ಗಾಜಿನಿಂದ ಸೀಳಿತ್ತು. ಅವರೇ ಕನ್ನಡಿ ನೋಡಿಕೊಂಡು ಪ್ಲಾಸ್ಟರ್ ಹಚ್ಚಿಕೊಂಡರು. ಒಣಕೆರೆಯ ಹೆಸರನ್ನು ಹೊಡೆದುಹಾಕಿದೆ.

ಮರುದಿನವೂ ಗಾಳಿ ಪೂರ್ತಿ ನಿಂತಿರಲಿಲ್ಲ. ಕಿಟಕಿಗೆ ಪ್ಲಾಸ್ಟಿಕ್ ಅಂಟಿಸಿಕೊಂಡು ಎರಡನೆಯ ಜಾಗಕ್ಕೆ ಹೋದೆವು. ಅದು ಒಂದು ಒಣಹಳ್ಳದ ದಂಡೆಯ ಮೇಲಿನ ಎತ್ತರದ ಹಲಗೆಯಂಥ ನೆಲ. ಸರಕಾರಿ ಜಮೀನು, ಯಾರು ಬೇಕಾದರೂ ತಂಗಬಹುದು. ಪಶ್ಚಿಮಕ್ಕೆ ಸಾಲುಗುಡ್ಡ ಇದ್ದುದರಿಂದ ಗಾಳಿಗೆ ಮರೆ. ದಕ್ಷಿಣ ಪೂರ್ತಿ ತೆರೆದಿತ್ತು. ಹಳ್ಳ ಉಕ್ಕಿದರೂ ನೀರು ಇಲ್ಲಿಯವರೆಗೆ ಏರದೆಂದು ದಂಡೆಯ ಕೆಳಗೆ ಹಿಂದಿನ ನೆರೆ ಬಿಟ್ಟುಹೋದ ಕಸದ ಗೆರೆ ಹೇಳುತ್ತಿತ್ತು. ಆ ರಾತ್ರಿ ಮೀಟರು ನಾನು ಹಿಂದೆಂದೂ ನೋಡಿರದ ಅಂಕಿ ತೋರಿಸಿತು. ಆಕಾಶಗಂಗೆಯ ಬೆಳಕಿಗೆ ಅಂಕಲ್ ಅವರ ಕೈಯ ನೆರಳು ಬಿಳಿ ಬಟ್ಟೆಯ ಮೇಲೆ ಮಸುಕಾಗಿ ಬಿತ್ತು. ಅವರು ಕೈಯನ್ನು ಮತ್ತೆ ಮತ್ತೆ ಆಡಿಸಿ ನೋಡಿದರು.

ಬೆಳಗಾದ ಮೇಲೆ ಅಳತೆಯ ಕೆಲಸ. ಟೆಲಿಸ್ಕೋಪುಗಳ ಸಾಲು, ಗಾಡಿ ನಿಲ್ಲಿಸುವ ಕಡೆ, ನಡೆಯುವ ದಾರಿ ಎಂದು ನಾನು ಕಿತ್ತಳೆ ಬಾವುಟದ ಗೂಟಗಳನ್ನು ಹೊಡೆಯುತ್ತ ಹೋದೆ. ಅಂಕಲ್ ಟೇಪು ಹಿಡಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಳ್ಳದ ಆಚೆಯಿಂದ ಒಂದು ಹಳೆಯ ಪಿಕಪ್ ಬಂದು ನಮ್ಮ ಜೀಪಿನ ಎದುರು ನಿಂತಿತು. ಅರವತ್ತರ ಆಸುಪಾಸಿನ ಒಬ್ಬ ತೆಳ್ಳನೆಯ ಬಿಳಿಯ ಮನುಷ್ಯ ಇಳಿದ. ಗೂಟಗಳನ್ನೇ ನೋಡುತ್ತಿದ್ದ.

"ಇಲ್ಲಿ ಏನು ಅಳೆಯುತ್ತಿದ್ದೀರಿ?"

"ನಕ್ಷತ್ರ ನೋಡುವವರಿಗೆ ಜಾಗ," ಎಂದೆ.

"ಎಲ್ಲಿಂದ ಬಂದದ್ದು?"

ಶ್ಯಾಂಟಿಲಿ ಎಂದರೆ ಆ ಕಡೆ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿದೆ: "ವಾಷಿಂಗ್ಟನ್."

ಅವನ ಮುಖದ ಬಣ್ಣವೇ ಬದಲಾಯಿತು. ಅವನ ದನಗಳು ಮೇಯುತ್ತಿದ್ದ ಸರಕಾರಿ ಹುಲ್ಲುಗಾವಲಿನ ಪರವಾನಗಿಯನ್ನು ವಾಷಿಂಗ್ಟನ್ನಿನ ಅಧಿಕಾರಿಗಳು ರದ್ದು ಮಾಡಿದ್ದರು, ಅದಕ್ಕೆ ಮೊದಲೂ ಹೀಗೆಯೇ ಯಾರೋ ಗೂಟ ಹೊಡೆದುಹೋಗಿದ್ದರು ಎಂಬುದು ನಮಗೆ ಗೊತ್ತಾದದ್ದು ಆಮೇಲೆ. ಅವನು ಹತ್ತಿರದ ಗೂಟ ಕಿತ್ತು ಎಸೆದ. ಇನ್ನೊಂದು ಕಿತ್ತ. "ಅಣ್ಣಾ, ನಾವು ಸರಕಾರದವರಲ್ಲ," ಎಂದು ಅಂಕಲ್ ಇಂಗ್ಲಿಷಿನಲ್ಲಿ ನಗುತ್ತ ಮುಂದೆ ಹೋದರು. ಅವನು ಅವರ ಎದೆಗೆ ಕೈ ಕೊಟ್ಟು ನೂಕಿದ. ಅವರು ಬಿದ್ದರು. ನಾನು ಕಿರುಚಿದೆ. ಅವನು ಪಿಕಪ್ಪಿಗೆ ಹೋಗಿ ಬಂದೂಕು ತೆಗೆದುಕೊಂಡು ಬಂದ.

ಮೊದಲ ಗುಂಡಿಗೆ ಟೆಲಿಸ್ಕೋಪ್ ಪೆಟ್ಟಿಗೆಯ ಮೇಲಿದ್ದ ಮೀಟರು ಚೂರಾಯಿತು. ಎರಡನೆಯದಕ್ಕೆ ಜೀಪಿನ ಮುಂದಿನ ಟೈರು. "ವಾಷಿಂಗ್ಟನ್ನಿಗೆ ನಡೆದುಕೊಂಡು ಹೋಗಿ," ಎಂದು ಅವನು ಕೂಗುತ್ತಿದ್ದ. ಮೂರನೆಯ ಗುಂಡು ಹಿಂದಿನ ಚಕ್ರದ ಉಕ್ಕಿಗೆ ಬಡಿದು ಕಿಣ್ ಎಂದು ಪಕ್ಕಕ್ಕೆ ಚಿಮ್ಮಿತು. ಎದ್ದು ನಿಲ್ಲುತ್ತಿದ್ದ ಅಂಕಲ್ ಯಾರೋ ಕಾಲು ಜಗ್ಗಿದ ಹಾಗೆ ಮತ್ತೆ ಕುಸಿದರು.

ನಾನು ಓಡಿದೆ. ಅವರ ಬಲತೊಡೆಯ ಮೇಲೆ ಪ್ಯಾಂಟು ನೋಡುನೋಡುತ್ತಿದ್ದಂತೆ ಕಪ್ಪಾಗುತ್ತಿತ್ತು. ರಕ್ತ ಸುರಿಯುತ್ತಿರಲಿಲ್ಲ, ಚಿಮ್ಮುತ್ತಿತ್ತು.

"ಮುಖಾ ನೋಡಬ್ಯಾಡ, ಗಾಯ ನೋಡು," ಎಂದರು ಅಂಕಲ್. ದನಿ ಗಟ್ಟಿಯಾಗಿಯೇ ಇತ್ತು. "ನಿನ್ನ ಮೊಣಕಾಲು ಅದರ ಮ್ಯಾಲೆ ಇಡು. ಎಲ್ಲಾ ಭಾರ ಹಾಕು. ಹೂಂ. ಈಗ ಕಟ್ಟಾಕ ಏನರ ತಗೋ. ಬೆಲ್ಟ್ ಬ್ಯಾಡ, ಜಾರತೈತಿ."

ಟೆಲಿಸ್ಕೋಪ್ ಪೆಟ್ಟಿಗೆಗೆ ಸುತ್ತಿದ್ದ ಅಗಲದ ನೈಲಾನ್ ಪಟ್ಟಿ ಕೈಗೆಟುಕಿತು. ಗಾಯದ ಮೇಲ್ಗಡೆ, ತೊಡೆಯ ಸಂದಿಯ ಹತ್ತಿರ ಸುತ್ತಿ ಗಂಟು ಹಾಕಿದೆ. ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರನ್ನು ಗಂಟಿನೊಳಗೆ ತೂರಿಸಿ ತಿರುಗಿಸಲು ಹೇಳಿದರು. ತಿರುಗಿಸಿದೆ. ಅವರು ಚೀರಿದರು. ನಾನು ನಿಲ್ಲಿಸಿದೆ.

"ನಾ ಒದರಿದ್ರ ನೀ ಯಾಕ ನಿಂದರ್ತಿ? ತಿರುವು! ರಕ್ತ ನಿಂದ್ರೂತನಾ ತಿರುವು!"

ತಿರುಗಿಸಿದೆ. ಅವರು ಬಾಯಿಬಿಟ್ಟು ಅರಚಿದರು. ಪಟ್ಟಿ ಮಾಂಸದೊಳಗೆ ಹೂತುಹೋಯಿತು. ಚಿಮ್ಮುತ್ತಿದ್ದದ್ದು ಜಿನುಗಿತು, ಆಮೇಲೆ ನಿಂತಿತು. ಸ್ಪ್ಯಾನರನ್ನು ಅವರ ಕೈಗೇ ಹಿಡಿಸಿ, ಸಿಗ್ನಲ್ ಇಲ್ಲದ ಕಡೆಗೆಂದು ಇಟ್ಟುಕೊಂಡಿದ್ದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಯಂತ್ರದ ತುರ್ತುಗುಂಡಿ ಒತ್ತಿದೆ.

ಗುಂಡು ಹೊಡೆದವನು ಅಲ್ಲೇ ನಿಂತಿದ್ದ. "ನಾನು ಚಕ್ರಕ್ಕೆ ಹೊಡೆದದ್ದು," ಎಂದ. "ನೀನು ನೋಡಿದೆಯಲ್ಲ, ಚಕ್ರಕ್ಕೆ."

"ನಿನ್ನ ಗಾಡೀಲಿ ಇವರನ್ನ ಕರ್ಕೊಂಡು ಹೋಗು."

ಅವನು ಆಗುವುದಿಲ್ಲವೆಂದು ತಲೆಯಾಡಿಸಿದ. ಹಿಂದೆ ಹಿಂದೆ ಹೆಜ್ಜೆ ಇಡುತ್ತ ಪಿಕಪ್ಪಿನ ಹತ್ತಿರ ಹೋದ. ಬಾನೆಟ್ಟಿನ ಮೇಲೆ ಬಂದೂಕು ಇಟ್ಟು ಕೀಗಾಗಿ ಜೇಬು ತಡಕಿದ. ಅವನು ನಮ್ಮನ್ನು ಬಿಟ್ಟು ಹೋಗುತ್ತಿದ್ದಾನೆ ಎಂದು ಅರ್ಥವಾದಾಗ ನನಗೆ ಭಯವಾಗಲಿಲ್ಲ, ರೋಷ ಬಂತು. ಓಡಿ ಬಂದೂಕಿಗೆ ಕೈ ಹಾಕಿದೆ. ಅವನು ನಳಿಗೆ ಹಿಡಿದ. ಇಬ್ಬರೂ ಜಗ್ಗಾಡಿದೆವು. ಅದು ಆಕಾಶಕ್ಕೆ ಸಿಡಿಯಿತು, ಕಿವಿ ಗುಂಯ್ ಎಂದಿತು. ಅವನ ಹಿಡಿತ ಸಡಿಲವಾದ ಕ್ಷಣದಲ್ಲಿ ಬಂದೂಕಿನ ಹಿಂಬದಿಯಿಂದ ಅವನ ಮುಖಕ್ಕೆ ಹೊಡೆದೆ. ಮೂಗಿನ ಎಲುಬು ಮುರಿದದ್ದು ಕೈಗೆ ತಿಳಿಯಿತು. ಇನ್ನೊಂದು ಸಲವೂ ಹೊಡೆದೆ. ಎರಡನೆಯದು ಬೇಕಾಗಿರಲಿಲ್ಲ.

ಅವನು ಮಂಡಿಯೂರಿ ಕೂತ. ನಾನು ನಳಿಗೆಯನ್ನು ಅವನ ಎದೆಗೆ ಹಿಡಿದೆ. ಬಂದೂಕನ್ನು ಜೀವನದಲ್ಲಿ ಮುಟ್ಟಿದವಳಲ್ಲ. ಅದರಲ್ಲಿ ಗುಂಡು ಉಳಿದಿದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ. "ಎತ್ತು ಅವರನ್ನ," ಎಂದೆ.

ಅವನು ಅಂಕಲ್ ಅವರನ್ನು ಎತ್ತಿ ತಂದು ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಅವನ ಮೂಗಿನ ರಕ್ತ ಅವರ ಅಂಗಿಯ ಮೇಲೆ ಬಿತ್ತು. ನಾನು ಕಾಲ ಬಳಿ ಸೇರಿಕೊಂಡು ಬಂದೂಕಿನ ತುದಿಯನ್ನು ಡ್ರೈವರ್ ಸೀಟಿನ ಬೆನ್ನಿಗೆ ಒತ್ತಿ ಹಿಡಿದೆ. ಗಾಡಿ ಹೊರಟಿತು. ಯಂತ್ರದಲ್ಲಿ ಸಂದೇಶ ಬಂತು: ಗಾಳಿಗೆ ಹೆಲಿಕಾಪ್ಟರ್ ಏರಲಾರದು, ಊರಿನಿಂದ ಆಂಬುಲೆನ್ಸ್ ಹೊರಟಿದೆ, ಸಾಧ್ಯವಿದ್ದರೆ ನೀವೇ ಎದುರು ಬನ್ನಿ.

ಹೆದ್ದಾರಿಯವರೆಗೆ ಇದ್ದದ್ದು ದಾರಿಯಲ್ಲ, ಕಲ್ಲು. ಜಗತ್ತಿನ ಅತಿ ಕಪ್ಪು ಆಕಾಶಕ್ಕಾಗಿ ನಾನೇ ಆರಿಸಿದ ದಾರಿ. ಒಂದೊಂದು ನೆಗೆತಕ್ಕೂ ಅಂಕಲ್ ಹಲ್ಲು ಕಚ್ಚುತ್ತಿದ್ದರು.

"ಅಂಕಲ್, ಮಾತಾಡ್ತಾ ಇರಿ. ಪ್ಲೀಸ್, ಮಲಗ್ಬೇಡಿ."

"ಏನ ಮಾತಾಡ್ಲಿ? ಈ ಮಗಗ ಹೇಳು, ತೆಗ್ಗಿನ್ಯಾಗ ಮೆಲ್ಲಕ ಹೊಡಿ ಅಂತ. ಗುಂಡಿನಿಂದ ಸಾಯೂದಿಲ್ಲ ನಾ, ಇಂವನ ಡ್ರೈವಿಂಗಿನಿಂದ ಸಾಯತೇನಿ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಿರುಗಿ ನೋಡಲಿಲ್ಲ, ಆದರೆ ಮುಂದಿನ ಗುಂಡಿಯನ್ನು ಬಳಸಿ ದಾಟಿದ.

ಅವನು ನಿಲ್ಲಿಸಿದ್ದರೆ ನಾನು ಹೊಡೆಯುತ್ತಿದ್ದೆನೇ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಹೊಡೆಯುತ್ತಿದ್ದೆ. ಬೆರಳು ಅಲ್ಲೇ ಇತ್ತು.

ಒಂದು ಒಣಹಳ್ಳ ಇಳಿದು ಏರುವಾಗ ಗಾಡಿ ಎಷ್ಟು ಜೋರಾಗಿ ಕುಕ್ಕಿತೆಂದರೆ ಸ್ಪ್ಯಾನರ್ ಅಂಕಲ್ ಕೈಯಿಂದ ತಪ್ಪಿ ಪಟ್ಟಿ ಗಿರ್ರನೆ ಬಿಚ್ಚಿಕೊಂಡಿತು. ರಕ್ತ ಮತ್ತೆ ಚಿಮ್ಮಿ ನನ್ನ ಕುತ್ತಿಗೆಗೆ ಬಡಿಯಿತು. ಅವರ ಕಣ್ಣು ಮೇಲೆ ಹೋಯಿತು. ಎರಡೂ ಕೈ ಬೇಕಿತ್ತು. ಬಂದೂಕನ್ನು ಸೀಟಿನ ಕೆಳಗೆ ಹಾಕಿ, ಮೊಣಕಾಲನ್ನು ಗಾಯಕ್ಕೆ ಒತ್ತಿ, ಸ್ಪ್ಯಾನರ್ ಹುಡುಕಿ ಮತ್ತೆ ತಿರುಗಿಸತೊಡಗಿದೆ. ಈ ಸಲ ಅವರು ಅರಚಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ತಲೆ ಎತ್ತಿದಾಗ ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ನನ್ನ ಕೈಯಲ್ಲಿ ಬಂದೂಕಿಲ್ಲ ಎಂಬುದನ್ನು ಅವನು ನೋಡಿದ್ದ.

"ಬದುಕಿದ್ದಾನಾ?" ಎಂದ.

"ಓಡಿಸು," ಎಂದೆ.

ಅವನು ಓಡಿಸಿದ. ಹೆದ್ದಾರಿ ಸಿಕ್ಕಿದ ಮೇಲೆ ಪಿಕಪ್ಪಿನ ಬಾಗಿಲುಗಳೆಲ್ಲ ನಡುಗುವ ಹಾಗೆ ಓಡಿಸಿದ. ದೂರದಲ್ಲಿ ಕೆಂಪು ದೀಪ ಕಂಡಾಗ ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಆಂಬುಲೆನ್ಸಿನವರು ಅಂಕಲ್ ಅವರನ್ನು ಇಳಿಸಿಕೊಂಡರು. ಹಿಂದೆ ಬಂದ ಶೆರಿಫನ ಪೊಲೀಸ್ ಗಾಡಿಯನ್ನು ಕಂಡು ಅವನೇ ರಸ್ತೆಬದಿಯಲ್ಲಿ ಕೈ ತಲೆಯ ಮೇಲಿಟ್ಟು ಬೋರಲಾಗಿ ಮಲಗಿದ.

ಅಂಕಲ್ ಬದುಕಿದರು. ಆ ಊರಿನ ಚಿಕ್ಕ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಗಾಳಿ ಇಳಿದ ಮೇಲೆ ದೊಡ್ಡ ಊರಿಗೆ ಸಾಗಿಸಿ ರಕ್ತನಾಳ ಹೊಲಿದರು. ಕಾಲು ಉಳಿಯಿತು. ಅವರ ಹೆಂಡತಿ ಅಟ್ಲಾಂಟಾದಿಂದ ಬಂದರು. ಬಂದವರೇ ನನ್ನ ಉಗುರುಗಳಲ್ಲಿ ಇನ್ನೂ ಉಳಿದಿದ್ದ ರಕ್ತವನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಿದರು.

ಆಸ್ಪತ್ರೆಯ ವರಾಂಡದಲ್ಲಿರುವಾಗ ನಮ್ಮ ಕಂಪನಿಯ ಮಾಲೀಕರ ಫೋನು ಬಂತು. ಬೆಂಗಳೂರಿನವರು, ಕೆಟ್ಟ ಮನುಷ್ಯರಲ್ಲ. ಮೊದಲು ಅಂಕಲ್ ಹೇಗಿದ್ದಾರೆಂದು ಕೇಳಿ ಸಮಾಧಾನ ಹೇಳಿದರು. ಆಮೇಲೆ ಸ್ವಲ್ಪ ತಡೆದು ಕೇಳಿದರು.

"ನೋಡಮ್ಮ, ಆ ಮನುಷ್ಯ ಈಗ ಜೈಲಲ್ಲಿದ್ದಾನೆ. ಅಂದ್ರೆ ಆ ಸೈಟ್ ಈಗ ಸೇಫೇ ಅಲ್ವಾ? ನೀನು ಕಳಿಸಿದ ರೀಡಿಂಗ್ ನೋಡ್ದೆ. ಅಂಥದ್ದು ನಮಗೆ ಎಲ್ಲೂ ಸಿಕ್ಕಿಲ್ಲ. ಒಬ್ಬ ಸೆಕ್ಯುರಿಟಿ ಗಾರ್ಡ್ ಹಾಕೋಣ."

"ಆ ಸೈಟ್ ಆಗಲ್ಲ ಸರ್."

"ಅವನೊಬ್ಬನಿಗೋಸ್ಕರ..."

"ಅವನಿಗೋಸ್ಕರ ಅಲ್ಲ. ನಾಳೆ ಯಾರಿಗೋ ಹಾರ್ಟ್ ಅಟ್ಯಾಕ್ ಆದ್ರೂ ಅದೇ ರೋಡು, ಅದೇ ದೂರ. ನಾನು ಆ ರೋಡಲ್ಲಿ ಬಂದಿದೀನಿ. ಇನ್ನೊಬ್ಬರನ್ನ ಕರ್ಕೊಂಡು ಹೋಗಲ್ಲ. ಬೇಕಾದ್ರೆ ಬೇರೆಯವರನ್ನ ಕಳಿಸಿ, ನಾನು ಕೆಲಸ ಬಿಡ್ತೀನಿ."

ಬೇರೆ ಜಾಗ ನೋಡು ಎಂದು ಅವರು ಫೋನಿಟ್ಟರು. ನಾನು ಅಲ್ಲಿಂದಲೇ ನಕ್ಷೆ ತೆಗೆದು ಹುಡುಕುವ ಕ್ರಮವನ್ನೇ ತಿರುಗಿಸಿದೆ. ಮೊದಲು ಆಂಬುಲೆನ್ಸ್ ಇರುವ ಊರುಗಳಿಗೆ ಚುಕ್ಕಿ ಇಟ್ಟೆ, ಡಾಂಬರು ರಸ್ತೆ ಎಲ್ಲಿಯವರೆಗೆ ಹೋಗುತ್ತದೆ ನೋಡಿದೆ, ಅದರೊಳಗೆ ಕತ್ತಲೆ ಎಲ್ಲಿದೆ ಎಂದು ಹುಡುಕಿದೆ. ಹಾಗೆ ಸಿಕ್ಕಿದ್ದು ಅದೇ ಜಿಲ್ಲೆಯ ಇನ್ನೊಂದು ಪುಟ್ಟ ಊರಿನ ಹೊರಗೆ ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿ. ಉತ್ತರದಲ್ಲಿ ಊರಿನ ಬೆಳಕು ತೆಳುವಾಗಿ ಏಳುತ್ತಿತ್ತು. ಮಸುಕಾದ ನೀಹಾರಿಕೆಗಳು ಆ ಕಡೆ ಕಾಣುವುದಿಲ್ಲ. ಊರಿನ ಮೇಯರಮ್ಮನ ಹತ್ತಿರ ಹೋಗಿ, ನಾವು ಯಾರು, ಏತಕ್ಕೆ ಬರುತ್ತೇವೆ, ಗೂಟ ಎಲ್ಲಿ ಹೊಡೆಯುತ್ತೇವೆ ಎಂದು ಮೊದಲೇ ಹೇಳಿದೆ. ಆಕೆ ಶಿಬಿರದ ವಾರ ಬೀದಿದೀಪಗಳಿಗೆ ಮರೆ ಕಟ್ಟಿಸಲು ಒಪ್ಪಿದರು. ಶಾರ್ಲಟ್‌ನ ಕೆಲವರು, ಇಷ್ಟು ದೂರ ಬಂದು ಇಂಥ ಆಕಾಶವೇ ಎಂದು ಗೊಣಗಿ ಹೆಸರು ವಾಪಸ್ ತೆಗೆದುಕೊಂಡರು. ಶಿಬಿರ ಮುಂದಿನ ವರ್ಷಕ್ಕೆ ಹೋಯಿತು.

ಅದಕ್ಕೆ ಮೊದಲು ಕೋರ್ಟು. ಗುಂಡು ಹೊಡೆದವನ ವಕೀಲ ನನ್ನನ್ನು ಕೇಳಿದ, "ಗಾಡಿ ಓಡಿಸಿದ್ದು ಅವನು ಸ್ವಂತ ಇಚ್ಛೆಯಿಂದಲೇ?"

"ಇಲ್ಲ," ಎಂದೆ. "ಬಿಟ್ಟು ಓಡುತ್ತಿದ್ದ. ನಾನು ಬಂದೂಕು ಹಿಡಿದು ಹೊರಡಿಸಿದೆ. ಅರ್ಧ ದಾರಿಯಲ್ಲಿ ಬಂದೂಕು ಕೆಳಗೆ ಹಾಕಿದೆ. ಅದು ಅವನಿಗೆ ಗೊತ್ತಿತ್ತು. ಆಮೇಲೆ ಓಡಿಸಿದ್ದು ಅವನೇ."

ಸರಕಾರಿ ವಕೀಲೆಗೆ ಈ ಉತ್ತರ ಹಿಡಿಸಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಾಗ, ತಪ್ಪು ಹೇಳಿದೆನೇ ಎಂದು ಅಂಕಲ್ ಅವರನ್ನು ಕೇಳಿದೆ.

"ಅಂವ ಹೊಡದದ್ದೂ ಖರೆ, ಒಯ್ದದ್ದೂ ಖರೆ," ಎಂದರು. "ನನಗ ಅಂವನ ಮ್ಯಾಲೆ ಸಿಟ್ಟು ಹೋಗಿಲ್ಲ, ಹೋಗೂದೂ ಇಲ್ಲ. ಆದ್ರ ನೀ ಹೇಳಿದ್ದು ಬರೋಬ್ಬರಿ ಐತಿ."

ಅವನಿಗೆ ಜೈಲುಶಿಕ್ಷೆಯಾಯಿತು. ಒಳಗೆ ಹೋಗುವಾಗ ಅವನು ನಮ್ಮ ಕಡೆ ನೋಡಿದ. ಮೂಗು ಒಂದು ಬದಿಗೆ ತಿರುಗಿಯೇ ಕೂಡಿಕೊಂಡಿತ್ತು. ಆ ಮುಖ ಈಗಲೂ ಹಾಗೆಯೇ ನನ್ನ ಕಣ್ಣಿಗೆ ಬರುತ್ತದೆ, ಅಂಗೈಗೆ ಆ ಪೆಟ್ಟು ಕೂಡ.

ಶಿಬಿರದ ಮೊದಲ ದಿನ ಇನ್ನೂ ಬಿಸಿಲಿರುವಾಗಲೇ ಎಲ್ಲರನ್ನೂ ವಿಮಾನದ ಪಟ್ಟಿಯ ಮೇಲೆ ಸೇರಿಸಿದೆ. ಒಬ್ಬೊಬ್ಬರಿಗೂ ರಕ್ತ ನಿಲ್ಲಿಸುವ ಬಿಗಿಪಟ್ಟಿ ಕೊಟ್ಟೆ. ಇದನ್ನು ಕಟ್ಟಲು ಕಲಿಯುವವರೆಗೆ ಯಾರೂ ಟೆಲಿಸ್ಕೋಪ್ ತೆಗೆಯುವಂತಿಲ್ಲ ಎಂದೆ. ಗೊಣಗಾಟ ಎದ್ದಿತು. ವಾಷಿಂಗ್ಟನ್ ಬಳಿಯ ಗೈದರ್ಸ್‌ಬರ್ಗ್‌ನಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರು, "ಮೇಡಂ, ನಾವು ಸ್ಟಾರ್ಸ್ ನೋಡೋಕೆ ಬಂದಿರೋದು," ಎಂದು ನಕ್ಕರು.

ಅಂಕಲ್ ಕೋಲು ಪಕ್ಕಕ್ಕೆ ಇಟ್ಟು, ಕುಂಟುತ್ತ ಬಂದು ಆ ಎಂಜಿನಿಯರ ಕಾಲಬಳಿಯೇ ನೆಲದ ಮೇಲೆ ಅಂಗಾತ ಮಲಗಿದರು. ಲುಂಗಿ ಮೇಲೆ ಸರಿಸಿದರು. ಬಲತೊಡೆಯ ಮೇಲಿನ ಕಲೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು.

"ಕಟ್ರಿ," ಎಂದರು.

ಎಂಜಿನಿಯರು ಎಡಗಾಲಿಗೆ ಪಟ್ಟಿ ಸುತ್ತಿ, ಅದರಲ್ಲಿದ್ದ ಗಿಡ್ಡ ಕಡ್ಡಿಯನ್ನು ಒಂದು ಸುತ್ತು ತಿರುಗಿಸಿ ಮುಖ ನೋಡಿದರು. "ನೋವಾಗ್ತಿದೆಯಾ ಅಂಕಲ್?"

"ಆಗೂದ. ಇನ್ನೂ ತಿರುವ್ರಿ."

ತಿರುಗಿಸಿದರು. ಅಂಕಲ್ ಹಣೆಯ ನರ ಉಬ್ಬಿತು. ಎಂಜಿನಿಯರು ತಿರುಗಿಸುವುದನ್ನು ನಿಲ್ಲಿಸಿದರು.

"ನನ್ನ ಮುಖಾ ನೋಡಿ ಬಿಡಬ್ಯಾಡ್ರಿ. ತಿರುವ್ರಿ!"

ಅವರು ಕಣ್ಣು ಮುಚ್ಚಿ ತಿರುಗಿಸಿದರು. ನಾನು ಬಗ್ಗಿ ಅಂಕಲ್ ಪಾದದ ಮೇಲೆ ಬೆರಳಿಟ್ಟು ನೋಡಿದೆ. ಪಟ್ಟಿಯ ಬಿಗಿತಕ್ಕೆ ಅಲ್ಲಿಯ ನಾಡಿ ನಿಂತಿತ್ತು. ಸರಿಯಾಗಿದೆ ಎಂದು ತಲೆಯಾಡಿಸಿದೆ. ಪಟ್ಟಿ ಸಡಿಲಿಸಿದ ಮೇಲೆ ಅಂಕಲ್ ಮೊಣಕೈ ಊರಿ ಎದ್ದು ಕೂತು, ಸುತ್ತ ನಿಂತವರನ್ನೆಲ್ಲ ಒಂದು ಸಲ ನೋಡಿದರು.

"ಹಿಂಗ ಎಲ್ಲಾರೂ ಒಮ್ಮೊಮ್ಮೆ ಕಟ್ರಿ," ಎಂದರು. "ಆಮ್ಯಾಲೆ ದುರ್ಬೀನು ಬಿಚ್ರಿ."